ಆ 72 ಗಂಟೆಗಳ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟವನ್ನು ತಪ್ಪದೆ ಓದುವವನು ನಾನು. ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು, ಮಕ್ಕಳ ಜ್ವರ, ಎಲ್ಲ ಬರುತ್ತದೆ. ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕ ಆಗಿಹೋದರೆ ಮರುದಿನ ಬೆಳಿಗ್ಗೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ನಾನು ಅಲ್ಲಿ ಓದಿದ ನೆನಪಿಲ್ಲ. ಎಲ್ಲಾದರೂ ಈ ವಿಷಯ ಬಂದರೂ 'ಸುರಕ್ಷಿತವಾಗಿರಿ' ಅನ್ನುವ ಮಾತಿಗೆ ಮುಗಿದುಹೋಗುತ್ತದೆ. ಆ ಒಂದು ದಿನ ಸುರಕ್ಷಿತವಾಗಿ ಇರದೇ ಹೋದವನು ಮುಂದೇನು ಮಾಡಬೇಕು? ಅದು ಗೊತ್ತಿಲ್ಲದೆ ನಾನು 4 ತಿಂಗಳು ನರಳಿದ್ದೇನೆ.

ಈಗ ಬರೆಯುವುದಕ್ಕೆ ಕಾರಣ ಇದೆ. ಹೋದ ತಿಂಗಳು ಗೆಳೆಯನೊಬ್ಬ ರಾತ್ರಿ ಫೋನ್ ಮಾಡಿದ. ಕಾಂಡೋಮ್ ಹರಿದುಹೋಯಿತು, ಏನು ಮಾಡಲಿ ಅಂತ ಕೇಳುವಾಗ ಅವನ ಗಂಟಲು ಕಟ್ಟಿತ್ತು. ಎಷ್ಟು ಹೊತ್ತಾಯಿತು ಅಂತ ಕೇಳಿದೆ. ನಿನ್ನೆ ರಾತ್ರಿ ಅಂದ. ಬೇರೇನೂ ಕೇಳಲಿಲ್ಲ ನಾನು, ಈಗಲೇ ಎದ್ದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗು, ಬೆಳಗಾಗುವವರೆಗೆ ಕಾಯಬೇಡ, ಹೋಗಿ 'ಪೆಪ್ ಬೇಕಾಗಬಹುದು' ಅಂತ ಹೇಳು ಅಂದೆ. ಪೆಪ್ ಅಂದರೆ ಎಚ್‌ಐವಿ ತಡೆಯುವ ಮಾತ್ರೆ. ಹೋದ. ವೈದ್ಯರು ಎಲ್ಲ ವಿಚಾರಿಸಿ, ಅವನಿಗೆ ಅದು ಬೇಕು ಅಂತ ತೀರ್ಮಾನಿಸಿ, ಅವತ್ತೇ ಮೊದಲ ಮಾತ್ರೆ ಕೊಟ್ಟರು. ಫೋನ್ ಇಟ್ಟಮೇಲೆ ನನಗೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ. ನನಗೆ ಅವತ್ತು ಹೀಗೆ ಹೇಳುವವರು ಯಾರೂ ಇರಲಿಲ್ಲ.

ನನ್ನ ಕತೆ ಹೇಳುತ್ತೇನೆ. ಇಬ್ಬರೂ ದೊಡ್ಡವರು, ಇಬ್ಬರಿಗೂ ಒಪ್ಪಿಗೆ ಇತ್ತು, ಮೊದಲಿಂದ ಪರಿಚಯ ಇತ್ತು. ಕಾಂಡೋಮ್ ಹತ್ತಿರ ಇರಲಿಲ್ಲ, ಬೇಡ ಅಂತ ಇಬ್ಬರೂ ಹೇಳಲಿಲ್ಲ. ಅಷ್ಟೇ ಆದದ್ದು. ಭಯ ಶುರುವಾಗಿದ್ದು ಬೆಳಿಗ್ಗೆ ಮುಖ ತೊಳೆಯುವಾಗ. ಯಾಕೆ ಅಂತ ಇಲ್ಲ, ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ತಕ್ಷಣ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದೆ. ಸಾಲದು ಅನ್ನಿಸಿ ಗಾಯಕ್ಕೆ ಹಚ್ಚುವ ಆಂಟಿಸೆಪ್ಟಿಕ್ ಸುರಿದುಕೊಂಡೆ. ಉರಿಯಿತು. ಉರಿಯಾದರೆ ರೋಗಾಣು ಸಾಯುತ್ತದೆ ಅಂತ ನನ್ನ ಲೆಕ್ಕ. 2ನೇ ದಿನ ಅಲ್ಲೆಲ್ಲ ಕೆಂಪಾಯಿತು, ಚರ್ಮ ಸುಲಿಯಿತು, ಮೂತ್ರ ಮಾಡುವಾಗಲೂ ಚುರುಗುಟ್ಟಿತು. ಆಂಟಿಸೆಪ್ಟಿಕ್ ಮಾಡಿದ ಆ ಗಾಯವನ್ನೇ ನಾನು ರೋಗದ ಮೊದಲ ಲಕ್ಷಣ ಅಂದುಕೊಂಡೆ. ತೊಳೆಯುವುದರಿಂದ ಸೋಂಕು ತಪ್ಪುವುದಿಲ್ಲ. ಹೆಂಗಸರು ಒಳಗೆ ನೀರು, ಔಷಧಿ ಹಾಯಿಸಿ ತೊಳೆದರೆ ಇನ್ನೂ ಕೆಟ್ಟದ್ದು, ಒಳಪದರಕ್ಕೆ ಕೆರೆತವಾಗಿ ಸೋಂಕು ಹಿಡಿಯುವುದು ಸುಲಭವಾಗುತ್ತದೆ. ಇದು ನನಗೆ ಗೊತ್ತಾಗಿದ್ದು ತಿಂಗಳಾದ ಮೇಲೆ.

ಹೀಗೆ ತೊಳೆಯುತ್ತಾ, ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಲಕ್ಷಣ ಹುಡುಕುತ್ತಾ 3 ದಿನ ಕಳೆದೆ. ಸಂಪಾದಕರೇ, ಆ 3 ದಿನಕ್ಕೆ ಎಷ್ಟು ಬೆಲೆ ಇತ್ತು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಎಚ್‌ಐವಿ ತಗುಲಿರುವ ಸಾಧ್ಯತೆ ಇದ್ದರೆ ಅದು ದೇಹದಲ್ಲಿ ಬೇರೂರದ ಹಾಗೆ ತಡೆಯುವ ಮಾತ್ರೆಗಳಿವೆ. ಅದಕ್ಕೇ ಪೆಪ್ ಅನ್ನುತ್ತಾರೆ. 72 ಗಂಟೆಯ ಒಳಗೆ ಶುರು ಮಾಡಬೇಕು, 28 ದಿನ ಒಂದು ದಿನವೂ ಬಿಡದೆ ನುಂಗಬೇಕು. 72 ಗಂಟೆ ಅಂದರೆ ಕೊನೆಯ ಗಡುವು, ಅಲ್ಲಿಯವರೆಗೆ ಯೋಚನೆ ಮಾಡುತ್ತಾ ಕೂರಬಹುದು ಅಂತ ಅರ್ಥವಲ್ಲ. ಮೊದಲ ದಿನವೇ, ಸಾಧ್ಯವಾದರೆ ಮೊದಲ ಕೆಲವು ಗಂಟೆಗಳಲ್ಲೇ ಶುರು ಮಾಡಿದರೆ ಒಳ್ಳೆಯದು. ವೈರಸ್ ಮೊದಲು ಒಳಬಂದ ಜಾಗದ ಕೆಲವೇ ಜೀವಕೋಶಗಳಲ್ಲಿರುತ್ತದೆ, ಆಮೇಲೆ ದೇಹವೆಲ್ಲ ಹರಡುತ್ತದೆ, ಹರಡಿದ ಮೇಲೆ ಈ ಮಾತ್ರೆಯಿಂದ ತಡೆಯಲು ಆಗುವುದಿಲ್ಲ. ಎಲ್ಲರಿಗೂ ಇದು ಬೇಕಾಗುತ್ತದೆ ಅಂತಲ್ಲ. ಏನು ನಡೆಯಿತು, ಯಾರ ಜೊತೆ, ಅವರಿಗೆ ಎಚ್‌ಐವಿ ಇರುವುದು ಗೊತ್ತಿದೆಯಾ, ಇದನ್ನೆಲ್ಲ ಕೇಳಿ ವೈದ್ಯರು ತೀರ್ಮಾನಿಸುತ್ತಾರೆ. ಆದರೆ ತೀರ್ಮಾನಿಸಬೇಕಾದರೂ ನಾವು ಆ 72 ಗಂಟೆಯೊಳಗೆ ಅವರ ಮುಂದೆ ಕೂತಿರಬೇಕು ಅಲ್ವಾ?

ಒಪ್ಪಿಗೆ ಇಲ್ಲದೆ, ಬಲವಂತದಿಂದ ನಡೆದಿದ್ದರೂ ಇದೇ ಗಡುವು. ಅಂಥವರಿಗೆ ಪೊಲೀಸ್, ದೂರು, ಮನೆಯವರು ಅನ್ನುವ ಯೋಚನೆಯಲ್ಲೇ ದಿನ ಕಳೆದುಹೋಗುತ್ತದೆ. ದಯವಿಟ್ಟು ಮೊದಲು ಆಸ್ಪತ್ರೆಗೆ ಹೋಗಲಿ, ಜೊತೆಗೆ ಯಾರಾದರೂ ಒಬ್ಬರು ಹೋಗಲಿ.

ನಾನು 5ನೇ ದಿನ ಒಂದು ಲ್ಯಾಬಿಗೆ ಹೋಗಿ ಎಚ್‌ಐವಿ ರಕ್ತ ಪರೀಕ್ಷೆ ಮಾಡಿಸಿದೆ. ನೆಗೆಟಿವ್ ಬಂತು. ಕಾಗದ ಕೈಗೆ ಕೊಟ್ಟವರು ಏನೂ ಹೇಳಲಿಲ್ಲ. ಒಂದು ಸಂಜೆ ಖುಷಿಯಾಗಿದ್ದೆ, ಆಮೇಲೆ ಎಲ್ಲೋ ಓದಿದೆ, 5ನೇ ದಿನದ ನೆಗೆಟಿವ್‌ಗೆ ಈ ಸಂಪರ್ಕದ ಮಟ್ಟಿಗೆ ಅರ್ಥವೇ ಇಲ್ಲ ಅಂತ. ಅದು ಹಳೆಯ ಸೋಂಕು ಇಲ್ಲ ಅಂತ ಮಾತ್ರ ಹೇಳುತ್ತದೆ. 6ನೇ ದಿನ ಒಬ್ಬ ವೈದ್ಯರ ಹತ್ತಿರ ಹೋದೆ. ವಿಷಯ ಹೇಳಿದ ತಕ್ಷಣ ಅವರು ಪೆನ್ನು ಕೆಳಗಿಟ್ಟರು. ಮದುವೆ ಆಗಿದೆಯಾ, ಇಂಥದ್ದೆಲ್ಲ ಯಾಕೆ ಬೇಕಿತ್ತು, ಓದಿದವರೇ ಹೀಗೆ ಮಾಡಿದರೆ ಹೇಗೆ ಅಂತ ಹತ್ತು ನಿಮಿಷ ಕೇಳಿದರು. ಆಮೇಲೆ, 3 ದಿನದೊಳಗೆ ಬಂದಿದ್ದರೆ ಮಾತ್ರೆ ಇತ್ತು, ಈಗ ಆಗಲ್ಲ, 3 ತಿಂಗಳು ಬಿಟ್ಟು ಟೆಸ್ಟ್ ಮಾಡಿಸಿ ಅಂದು ಕಳಿಸಿದರು. ಬೇರೆ ಯಾವ ರೋಗದ ಮಾತೂ ಬರಲಿಲ್ಲ. ನಾನೂ ಕೇಳಲಿಲ್ಲ. ತಲೆ ಎತ್ತುವುದಕ್ಕೇ ಆಗುತ್ತಿರಲಿಲ್ಲ, ಕೇಳುವುದೆಲ್ಲಿ.

ಆ 3 ತಿಂಗಳು ಅನ್ನುವ ಮಾತು ಹೇಗಿತ್ತು ಅಂತ ಹೇಗೆ ಹೇಳಲಿ. ಒಬ್ಬನೇ ಇದ್ದಾಗಲೆಲ್ಲ ಕನ್ನಡಿ ಮುಂದೆ ನಿಲ್ಲುತ್ತಿದ್ದೆ. ನಾಲಿಗೆ ನೋಡುತ್ತಿದ್ದೆ. ಕುತ್ತಿಗೆಯ ಗಂಟುಗಳನ್ನು ಒತ್ತಿ ಒತ್ತಿ ನೋಡುತ್ತಿದ್ದೆ, ಒತ್ತಿದ್ದಕ್ಕೇ ನೋವು ಬಂತು, ಆ ನೋವನ್ನೂ ಲಕ್ಷಣಗಳ ಪಟ್ಟಿಗೆ ಸೇರಿಸಿಕೊಂಡೆ. ಹುಟ್ಟಿದಾಗಿನಿಂದ ಇದ್ದ ಸಣ್ಣ ಬಿಳಿ ಚುಕ್ಕೆಗಳು ಹೊಸದಾಗಿ ಕಾಣಿಸಿದವು. ಜನನಾಂಗದ ಮೇಲೆ ಮುತ್ತಿನ ಸಾಲಿನಂಥ ಸಣ್ಣ ಗುಳ್ಳೆಗಳು, ಎಣ್ಣೆ ಗ್ರಂಥಿಯ ಬಿಳಿ ಚುಕ್ಕೆಗಳು ಎಷ್ಟೋ ಜನರಿಗೆ ಸಹಜವಾಗಿ ಇರುತ್ತವಂತೆ, ರೋಗವೇ ಅಲ್ಲ. 3ನೇ ವಾರ ಗಂಟಲು ನೋವು, ಸಣ್ಣ ಜ್ವರ ಬಂತು. ಎಚ್‌ಐವಿ ತಗುಲಿದವರಲ್ಲಿ ಅನೇಕರಿಗೆ 2ರಿಂದ 4 ವಾರದಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬರುತ್ತದೆ ಅಂತ ಓದಿದ್ದೆ. ಮುಗಿಯಿತು ಅಂದುಕೊಂಡೆ. ಅದೇ ಜ್ವರ, ಅದೇ ಗಂಟಲು ನೋವು ಸಾಮಾನ್ಯ ಫ್ಲೂನಲ್ಲೂ ಬರುತ್ತದೆ, ಲಕ್ಷಣ ನೋಡಿ ಯಾರೂ ಎಚ್‌ಐವಿ ಇದೆ ಅಥವಾ ಇಲ್ಲ ಅಂತ ಹೇಳಲು ಸಾಧ್ಯವಿಲ್ಲ, ಟೆಸ್ಟ್ ಒಂದೇ ದಾರಿ ಅನ್ನುವುದು ಓದಿದ ಆ ಪುಟದಲ್ಲೇ ಇತ್ತೇನೋ, ಆದರೆ ಭಯ ಇದ್ದವನ ಕಣ್ಣಿಗೆ ಅದು ಬೀಳುವುದಿಲ್ಲ.

ಆ ಜ್ವರವೇ ನನ್ನನ್ನು ಇನ್ನೊಬ್ಬ ವೈದ್ಯೆಯ ಹತ್ತಿರ ಕರೆದುಕೊಂಡು ಹೋಯಿತು. ಅವರ ಬಗ್ಗೆ ಬರೆಯುವಾಗ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಅವರು ನನ್ನ ಮದುವೆ ವಿಷಯ ಕೇಳಲಿಲ್ಲ. ಯಾವ ದಿನ, ಯಾವ ರೀತಿಯ ಸಂಪರ್ಕ, ಬಾಯಿಯಿಂದಲೂ ಆಗಿತ್ತಾ, ಹೆಪಟೈಟಿಸ್ ಬಿ (ಲಿವರ್‌ಗೆ ತಗುಲುವ ಸೋಂಕು) ಲಸಿಕೆ ಹಾಕಿಸಿಕೊಂಡಿದ್ದೀರಾ ಅಂತ, ಊಟ ಆಯ್ತಾ ಅಂತ ಕೇಳುವಷ್ಟು ಸಹಜವಾಗಿ ಕೇಳಿದರು. ಆಮೇಲೆ ಒಂದು ಲೆಕ್ಕ ಹೇಳಿದರು. ಒಬ್ಬ ಹೆಂಗಸಿಗೆ ಎಚ್‌ಐವಿ ಇದ್ದು, ಚಿಕಿತ್ಸೆ ತೆಗೆದುಕೊಳ್ಳದೇ ಇದ್ದು, ಕಾಂಡೋಮ್ ಇಲ್ಲದೆ ಒಂದು ಸಲ ಯೋನಿ ಸಂಭೋಗ ಆದರೆ, ಗಂಡಸಿಗೆ ಅದು ದಾಟುವ ಅಂದಾಜು 10,000ದಲ್ಲಿ 4. ಗಂಡಸಿನಿಂದ ಹೆಂಗಸಿಗೆ 10,000ದಲ್ಲಿ 8. ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವರಿಗೆ ಜಾಸ್ತಿ, 10,000ದಲ್ಲಿ 138. ಹುಣ್ಣು ಇದ್ದರೆ, ಬೇರೆ ಸೋಂಕು ಇದ್ದರೆ ಇದು ಏರುತ್ತದೆ. ಮುತ್ತು, ಅಪ್ಪುಗೆ, ಒಂದೇ ಶೌಚಾಲಯ ಬಳಸುವುದು, ಇದರಿಂದ ಎಚ್‌ಐವಿ ಬರುವುದೇ ಇಲ್ಲ. ಎಚ್‌ಐವಿ ಇದ್ದವರು ಕೂಡ ಮಾತ್ರೆ ಸರಿಯಾಗಿ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆ ಆಗಿ ಹಾಗೇ ಉಳಿದಿದ್ದರೆ ಅವರಿಂದ ಲೈಂಗಿಕವಾಗಿ ಯಾರಿಗೂ ದಾಟುವುದಿಲ್ಲ. ಇದನ್ನು ಸಾವಿರಾರು ದಂಪತಿ, ಜೋಡಿಗಳಲ್ಲಿ ವರ್ಷಗಟ್ಟಲೆ ನೋಡಿ ಖಚಿತ ಮಾಡಿಕೊಂಡಿದ್ದಾರೆ. ಅವತ್ತು ರಾತ್ರಿ ನಾನು 3 ವಾರದಲ್ಲಿ ಮೊದಲ ಸಲ ಪೂರ್ತಿ ನಿದ್ದೆ ಮಾಡಿದೆ.

ಆದರೆ ಹೊರಡುವ ಮೊದಲು ಅವರು ಹೇಳಿದ ಮಾತು ಬೇರೆ. ನೀವು ಬರೀ ಎಚ್‌ಐವಿ ಅಂತ ಕೂತಿದ್ದೀರಿ, ಅದಕ್ಕಿಂತ ತುಂಬಾ ಸುಲಭವಾಗಿ ದಾಟುವಂಥವು ಇವೆ, ಅವುಗಳನ್ನೂ ನೋಡೋಣ ಅಂದರು. ಮೂತ್ರ ಕೊಡಲು ಹೇಳಿದರು. ಒಂದು ಗಂಟೆಯಾದರೂ ಮೂತ್ರ ಮಾಡದೆ ಇದ್ದು, ಶುರುವಿನಲ್ಲಿ ಬರುವ ಮೂತ್ರವನ್ನೇ ಹಿಡಿಯಬೇಕು. ರಕ್ತ ತೆಗೆದುಕೊಂಡರು. ಕೆಲವು ದಿನದ ಮೇಲೆ ಫೋನ್ ಬಂತು. ಕ್ಲಮೀಡಿಯಾ ಪಾಸಿಟಿವ್.

ಆ ಹೆಸರನ್ನು ನಾನು ಜೀವನದಲ್ಲಿ ಕೇಳಿರಲಿಲ್ಲ. ಉರಿ ಇಲ್ಲ, ಕೀವು ಇಲ್ಲ, ಏನೂ ಇಲ್ಲ, ಇದ್ದ ಉರಿ ಆಂಟಿಸೆಪ್ಟಿಕ್‌ನದ್ದು, ಅದೂ ಎಂದೋ ವಾಸಿಯಾಗಿತ್ತು. ಕ್ಲಮೀಡಿಯಾ ಹಾಗೇ. ಹೆಚ್ಚಿನ ಹೆಂಗಸರಿಗೆ, ಎಷ್ಟೋ ಗಂಡಸರಿಗೆ ಲಕ್ಷಣವೇ ಕಾಣುವುದಿಲ್ಲ. ಗುಣವಾಗಬಲ್ಲ ಲೈಂಗಿಕ ಸೋಂಕುಗಳೇ ಜಗತ್ತಿನಲ್ಲಿ ದಿನಕ್ಕೆ 10 ಲಕ್ಷಕ್ಕಿಂತ ಜಾಸ್ತಿ ಜನರಿಗೆ ತಗುಲುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದರಲ್ಲಿ ಬಹುಪಾಲು ಲಕ್ಷಣವಿಲ್ಲದವು. ನನ್ನಂತೆ ಎಷ್ಟು ಜನ ಕನ್ನಡಿ ನೋಡಿಕೊಂಡು 'ಏನೂ ಇಲ್ಲ' ಅಂತ ಸಮಾಧಾನ ಮಾಡಿಕೊಂಡಿರಬಹುದು, ಯೋಚಿಸಿ. ನನಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು, ದಿನಕ್ಕೆ 2, 7 ದಿನ. ಮುಗಿಯುವವರೆಗೆ ಯಾರ ಜೊತೆಗೂ ಸಂಪರ್ಕ ಬೇಡ, ಅವರಿಗೂ ಹೇಳಲೇಬೇಕು, ಇಲ್ಲದಿದ್ದರೆ ಇದು ನಿಮ್ಮಿಬ್ಬರ ನಡುವೆ ಓಡಾಡುತ್ತಲೇ ಇರುತ್ತದೆ ಅಂದರು.

ಹೇಳಲೇಬೇಕು. ರೋಗದ ಭಯಕ್ಕಿಂತ ಇದು ಕಷ್ಟವಾಯಿತು. 2 ದಿನ ಮೆಸೇಜ್ ಬರೆದು ಬರೆದು ಅಳಿಸಿದೆ. ಕೊನೆಗೆ ಕಳಿಸಿದ್ದು ಇಷ್ಟೇ: 'ನನಗೆ ಕ್ಲಮೀಡಿಯಾ ಅಂತ ಒಂದು ಸೋಂಕು ಇದೆ ಅಂತ ಗೊತ್ತಾಯಿತು. ಮಾತ್ರೆಯಿಂದ ಗುಣ ಆಗುತ್ತದೆ. ನೀನೂ ಟೆಸ್ಟ್ ಮಾಡಿಸಿಕೊಳ್ಳಬೇಕು. ಯಾರಿಂದ ಯಾರಿಗೆ ಬಂತು ಅಂತ ನಾನು ಕೇಳುತ್ತಿಲ್ಲ.' ಅವಳು 2 ದಿನ ಉತ್ತರ ಕೊಡಲಿಲ್ಲ. ಆಮೇಲೆ ಫೋನ್ ಮಾಡಿ ಬೈದಳು, ಅತ್ತಳು, ಇಟ್ಟಳು. ಮುಂದಿನ ವಾರ ಟೆಸ್ಟ್ ಮಾಡಿಸಿದಳು. ಅವಳಿಗೂ ಇತ್ತು. ಅವಳಿಗೂ ಒಂದೇ ಒಂದು ಲಕ್ಷಣ ಇರಲಿಲ್ಲ. ಮೊದಲು ಯಾರಲ್ಲಿತ್ತು ಅನ್ನುವುದನ್ನು ಯಾವ ಟೆಸ್ಟೂ ಹೇಳುವುದಿಲ್ಲ, ಅದು ತಿಂಗಳುಗಟ್ಟಲೆ ಸುಮ್ನೆ ಇದ್ದುಬಿಡಬಹುದು. ಹಾಗೇ ಬಿಟ್ಟಿದ್ದರೆ ಅವಳ ಗರ್ಭನಾಳಕ್ಕೆ ಹಬ್ಬಿ ಗಾಯದ ಕಲೆಯಾಗಬಹುದಿತ್ತು, ಮುಂದೆ ಮಕ್ಕಳಾಗದೇ ಹೋಗಬಹುದಿತ್ತು, ಗರ್ಭ ನಾಳದಲ್ಲೇ ನಿಂತು ಜೀವಕ್ಕೇ ಅಪಾಯ ಆಗಬಹುದಿತ್ತು. ಮುಜುಗರ ಅಂತ ಆ ಮೆಸೇಜನ್ನು ನಾನು ಅಳಿಸಿಯೇ ಬಿಟ್ಟಿದ್ದರೆ? ಈ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ.

ಇನ್ನು ಟೆಸ್ಟಿನ ದಿನಗಳ ವಿಷಯ. ನಿಮ್ಮ ಪುಟದಲ್ಲಿ ಇದೊಂದನ್ನಾದರೂ ದಯವಿಟ್ಟು ಹಾಕಿ. ಭಯದಲ್ಲಿದ್ದವನಿಗೆ 'ಟೆಸ್ಟ್ ಮಾಡಿಸು' ಅಂದರೆ ಸಾಲದು, ಯಾವ ದಿನ ಯಾವುದು ಅಂತ ಗೊತ್ತಿದ್ದರೆ ಮಾತ್ರ ಅವನು ಉಸಿರಾಡಬಲ್ಲ. ಕ್ಲಮೀಡಿಯಾ, ಗೊನೋರಿಯಾಗೆ ಸುಮಾರು 2 ವಾರ ಆದಮೇಲೆ ಮಾಡಿಸಿದರೆ ನಂಬಬಹುದು, ಆದರೆ ಬಾಯಿ ಅಥವಾ ಗುದದ ಸಂಪರ್ಕ ಆಗಿದ್ದರೆ ಅಲ್ಲಿಂದಲೂ ಹತ್ತಿಯಲ್ಲಿ ಸ್ಯಾಂಪಲ್ ತೆಗೆಯಬೇಕು, ಬರೀ ಮೂತ್ರದಲ್ಲಿ ಗಂಟಲಿನ ಸೋಂಕು ಸಿಗುವುದಿಲ್ಲ. ಅದಕ್ಕೇ ವೈದ್ಯರ ಹತ್ತಿರ ಏನೂ ಮುಚ್ಚಿಡಬಾರದು. ಎಚ್‌ಐವಿಗೆ, ಕೈಯ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಆಂಟಿಜೆನ್ (ವೈರಸ್ಸಿನ ಭಾಗ), ಆಂಟಿಬಾಡಿ (ಅದರ ವಿರುದ್ಧ ದೇಹ ಮಾಡುವ ಪ್ರತಿಕಾಯ) ಎರಡನ್ನೂ ನೋಡುವ ಟೆಸ್ಟ್ ಆದರೆ 45 ದಿನಕ್ಕೆ ಉತ್ತರ ಸಿಗುತ್ತದೆ. ಬೆರಳಿಗೆ ಚುಚ್ಚಿ ನೋಡುವ, ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟ್‌ಗಳಿಗೆ 90 ದಿನ. ನನಗೆ ಮೊದಲ ವೈದ್ಯರು ಈ ವ್ಯತ್ಯಾಸ ಹೇಳಿದ್ದರೆ ನನ್ನ ಭಯದಲ್ಲಿ ಅರ್ಧ ಅಲ್ಲೇ ಕಡಿಮೆ ಆಗುತ್ತಿತ್ತು. ಪೆಪ್ ತೆಗೆದುಕೊಂಡವರ ಲೆಕ್ಕ ಬೇರೆ, ಅದನ್ನು ಮಾತ್ರೆ ಕೊಟ್ಟವರೇ ಹೇಳುತ್ತಾರೆ.

ಸಿಫಿಲಿಸ್ ಬಗ್ಗೆ ಜನ ತುಂಬಾ ಮೋಸ ಹೋಗುತ್ತಾರೆ. 10ರಿಂದ 90 ದಿನದೊಳಗೆ ಒಂದು ಹುಣ್ಣು ಏಳುತ್ತದೆ, ನೋವೇ ಇರುವುದಿಲ್ಲ, ಕೆಲವು ವಾರದಲ್ಲಿ ತಾನಾಗಿಯೇ ಮಾಯುತ್ತದೆ. ವಾಸಿಯಾಯಿತು ಅಂದುಕೊಳ್ಳುತ್ತೇವೆ. ಅದು ಒಳಗೆ ಹೋಗಿರುತ್ತದೆ, ವರ್ಷಗಳ ಮೇಲೆ ಮಿದುಳು, ಕಣ್ಣು, ಹೃದಯಕ್ಕೆ ಹಾನಿ ಮಾಡಬಹುದು. ಶುರುವಿನಲ್ಲೇ ಗೊತ್ತಾದರೆ ಪೆನಿಸಿಲಿನ್‌ನ ಒಂದೇ ಡೋಸ್ ಇಂಜೆಕ್ಷನ್ ಸಾಕು. ಮೊದಲ ಟೆಸ್ಟಿನಲ್ಲಿ ಸಿಫಿಲಿಸ್ ಕಾಣದಿದ್ದರೂ ಸಂಪರ್ಕ ಆಗಿ 3 ತಿಂಗಳಾದಾಗ ಇನ್ನೊಂದು ಸಲ ರಕ್ತ ನೋಡಿಸಬೇಕು. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಹಾಕಿಸಿಕೊಳ್ಳದವರು ಸಂಪರ್ಕ ಆದಮೇಲೂ ಆದಷ್ಟು ಬೇಗ ಹಾಕಿಸಿಕೊಂಡರೆ ರಕ್ಷಣೆ ಸಿಗುತ್ತದೆ.

ದಯವಿಟ್ಟು ಔಷಧಿ ಅಂಗಡಿಯಲ್ಲಿ ಕೇಳಿ ಯಾವುದೋ ಆಂಟಿಬಯಾಟಿಕ್ ನುಂಗಬೇಡಿ. ನಾನೂ ಅಂಗಡಿಯ ಬಾಗಿಲವರೆಗೆ ಹೋಗಿದ್ದೆ. ಒಂದು ಸೋಂಕಿಗೆ ಕೊಡುವ ಮಾತ್ರೆ ಇನ್ನೊಂದಕ್ಕೆ ನಾಟುವುದಿಲ್ಲ, ಅರ್ಧ ಡೋಸ್ ತಿಂದರೆ ಟೆಸ್ಟಿನಲ್ಲೂ ಸರಿಯಾಗಿ ಕಾಣಿಸದೇ ಹೋಗಬಹುದು. ಗೊನೋರಿಯಾ ಆಗಲೇ ಒಂದೊಂದೇ ಔಷಧಿಗೆ ಬಗ್ಗದೆ ಬಂದಿದೆ, ಒಂದು ಕಾಲದಲ್ಲಿ ಪೆನಿಸಿಲಿನ್‌ಗೆ ಗುಣವಾಗುತ್ತಿದ್ದದ್ದು ಈಗ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಬೇಡುತ್ತದೆ.

45 ದಿನದ ಟೆಸ್ಟ್ ನೆಗೆಟಿವ್ ಬಂತು. 3 ತಿಂಗಳಾದಾಗ ಎಲ್ಲವನ್ನೂ ಮತ್ತೆ ನೋಡಿದರು, ಎಲ್ಲ ಸರಿ ಇತ್ತು, ಕ್ಲಮೀಡಿಯಾ ಹೋಗಿತ್ತು. ಆದರೂ ನಾನು 4ನೇ ತಿಂಗಳಲ್ಲಿ ಇನ್ನೊಂದು ಲ್ಯಾಬಿಗೆ ಹೋದೆ, ಸ್ಯಾಂಪಲ್ ಅದಲು ಬದಲಾಗಿದ್ದರೆ ಅಂತ. ಅಲ್ಲೂ ನೆಗೆಟಿವ್. ಅದನ್ನೂ ನಂಬಲಿಲ್ಲ. ಆಗ ಆ ವೈದ್ಯೆಯೇ ಇನ್ನು ರಕ್ತ ಕೊಡುವುದು ಬೇಡ, ಒಬ್ಬ ಆಪ್ತಸಮಾಲೋಚಕರ ಹತ್ತಿರ ಮಾತಾಡಿ ಅಂತ ಕಳಿಸಿದರು. 5 ಸಲ ಹೋದೆ. ಅಲ್ಲಿ ನಾವು ಜಾಸ್ತಿ ಮಾತಾಡಿದ್ದು ವೈರಸ್ ಬಗ್ಗೆ ಅಲ್ಲ, ನಾಚಿಕೆ ಬಗ್ಗೆ. ನನಗೆ ಶಿಕ್ಷೆ ಆಗಲೇಬೇಕು ಅಂತ ಒಳಗೆ ಎಲ್ಲೋ ತೀರ್ಮಾನ ಮಾಡಿಕೊಂಡಿದ್ದೆ, ಟೆಸ್ಟ್ ಅದನ್ನು ಕೊಡಲಿಲ್ಲ, ಅದಕ್ಕೇ ಟೆಸ್ಟನ್ನು ನಂಬಲು ಆಗುತ್ತಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಕಣ್ಣು ತುಂಬುತ್ತದೆ.

ನಾವು ಇವನ್ನು ಗುಪ್ತರೋಗ ಅಂತ ಕರೆಯುತ್ತೇವಲ್ಲ, ಆ ಪದವನ್ನು ನಿಮ್ಮ ಪತ್ರಿಕೆಯಾದರೂ ಬಿಡಲಿ ಅಂತ ನನ್ನ ಬೇಡಿಕೆ. ಲೈಂಗಿಕ ಸೋಂಕು ಅನ್ನಿ, ಸಾಕು. ಬಚ್ಚಿಡು ಅಂತ ಹೆಸರಲ್ಲೇ ಹೇಳಿದ ಮೇಲೆ 20ರ ಹುಡುಗ, ಹುಡುಗಿ ಯಾರ ಹತ್ತಿರ ಹೋಗಿ ಕೇಳಬೇಕು? ವೈದ್ಯರಲ್ಲೂ ಒಂದು ಮಾತು. ನಮ್ಮನ್ನು ಬೈಯಬೇಕು ಅನ್ನಿಸಿದರೆ ಬೈಯಿರಿ, ಆದರೆ ಮೊದಲು ಎಷ್ಟು ಗಂಟೆ ಆಯಿತು ಅಂತ ಕೇಳಿ, ಬರೆಯಬೇಕಾದ್ದನ್ನು ಬರೆಯಿರಿ, ಆಮೇಲೆ ಬೈಯಿರಿ. ಬೈಗುಳ ತಿಂದವನು ಎರಡನೇ ಸಲ ಬರುವುದಿಲ್ಲ. ನಾನು ಹೋದದ್ದು ಜ್ವರ ಬಂದದ್ದಕ್ಕೆ, ಜ್ವರ ಬರದಿದ್ದರೆ ಹೋಗುತ್ತಿರಲಿಲ್ಲ, ನನ್ನಲ್ಲಿ ಮತ್ತು ಅವಳಲ್ಲಿ ಆ ಸೋಂಕು ಇವತ್ತಿಗೂ ಇರುತ್ತಿತ್ತು.

ಪತ್ರ ಇಲ್ಲಿಗೆ ಮುಗಿಸಿದ್ದೆ. ಕಳಿಸುವ ಮೊದಲು ಅವಳಿಗೆ ಓದಲು ಕೊಟ್ಟೆ, ಅವಳ ವಿಷಯ ಇರುವಾಗ ಅವಳನ್ನು ಕೇಳದೆ ಕಳಿಸುವುದು ಸರಿಯಲ್ಲ ಅಲ್ವಾ. ನಾವು ಈಗ ಒಳ್ಳೆಯ ಸ್ನೇಹಿತರು. ಪೂರ್ತಿ ಓದಿ, 'ನೀನು ಸೋಪು ಹಾಕಿ ತೊಳೆಯುತ್ತಿದ್ದ ಆ 3 ದಿನ ನಾನು ಏನು ಮಾಡುತ್ತಿದ್ದೆ ಅಂತ ಇದರಲ್ಲಿ ಇಲ್ಲ' ಅಂದಳು. ನಿಜ. ನಾನು ಅವತ್ತೂ ಕೇಳಿರಲಿಲ್ಲ, ಪತ್ರ ಬರೆಯುವಾಗಲೂ ನೆನಪಾಗಲಿಲ್ಲ. ನನ್ನ ರಕ್ತದ ಚಿಂತೆಯಲ್ಲಿ ಅವಳು ಗರ್ಭಿಣಿ ಆಗಿದ್ದರೆ ಅನ್ನುವ ಯೋಚನೆ ನನಗೆ ಒಂದು ಸಲವೂ ಬಂದಿರಲಿಲ್ಲ. ಅವಳು ಒಬ್ಬಳೇ ಹೋಗಿ ತುರ್ತು ಗರ್ಭನಿರೋಧಕ ಮಾತ್ರೆ ತಂದು ನುಂಗಿ, ಮುಟ್ಟು ಬರುವವರೆಗೆ ದಿನ ಎಣಿಸುತ್ತಾ ಕೂತಿದ್ದಳು. ಅವಳು ಹೇಳಿದಂತೆ ಸೇರಿಸುತ್ತಿದ್ದೇನೆ. ಲೆವೊನಾರ್ಜೆಸ್ಟ್ರೆಲ್ ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ತೆಗೆದುಕೊಳ್ಳಬೇಕು. ಯುಲಿಪ್ರಿಸ್ಟಲ್ ಅನ್ನುವ ಮಾತ್ರೆ 120 ಗಂಟೆಯವರೆಗೆ ಕೆಲಸ ಮಾಡುತ್ತದೆ. ಇವೆರಡಕ್ಕಿಂತ ಗಟ್ಟಿ ಉಪಾಯ ಅಂದರೆ 5 ದಿನದೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವುದು. ಇವು ಯಾವುವೂ ಸೋಂಕು ತಡೆಯುವುದಿಲ್ಲ, ಅದರ ಟೆಸ್ಟ್ ಬೇರೆಯೇ ಮಾಡಿಸಬೇಕು. 3 ವಾರ ಆದಮೇಲೆ ಗರ್ಭ ಪರೀಕ್ಷೆ ಮಾಡಿಕೊಂಡರೆ ಉತ್ತರ ಖಚಿತ.

ಅವಳ ಇನ್ನೊಂದು ಮಾತನ್ನೂ ಹಾಗೇ ಬರೆಯುತ್ತೇನೆ: ಆಸ್ಪತ್ರೆಗೆ ಇಬ್ಬರೂ ಒಟ್ಟಿಗೆ ಹೋಗಿ ಅಂತ ಬರೆ.

ಹೆಸರು, ವಿಳಾಸವನ್ನು ನಿಮ್ಮ ಮಾಹಿತಿಗೆ ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಪ್ರಕಟಿಸುವುದು ಬೇಡ, ನನ್ನ ಸಲುವಾಗಿ ಅಲ್ಲ, ಅವಳ ಸಲುವಾಗಿ.

ಇಂತಿ,
ನಿಮ್ಮ ಓದುಗ